ಜಿಂಕೆಯ ಬಾಯಲ್ಲಿನ ಅಣಬೆ: ಚೀನೀಯರ ಲಿಂಗ್‌ಝಿ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಅಣಬೆ ಬೇಸಾಯದ ಬಗ್ಗೆ ಪ್ರಕಟವಾದ ಲೇಖನದಲ್ಲಿ, ಚೀನೀಯರು ಲಿಂಗ್‌ಝಿ ಎಂಬ ಔಷಧೀಯ ಅಣಬೆಯನ್ನು ಎರಡು ಸಾವಿರ ವರ್ಷಗಳಿಂದ ದೀರ್ಘಾಯುಷ್ಯದ ಚಿಹ್ನೆಯಾಗಿ ಕಾಣುತ್ತ ಬಂದಿದ್ದಾರೆ ಎಂಬ ಒಂದು ಸಾಲು ಬಂದಿತ್ತು. ಆ ಒಂದೇ ಸಾಲಿನ ಬೆನ್ನು ಹಿಡಿದು ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಹಲವು ಓದುಗರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಕೆಲವನ್ನು ಆಯ್ದು, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಅಣಬೆಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಬಂಧುಗಳ ಮನೆಯ ದಸರಾ ಬೊಂಬೆಗಳ ಸಾಲಿನಲ್ಲಿ ಪಿಂಗಾಣಿಯ ಒಬ್ಬ ಮುದುಕನಿದ್ದಾನೆ. ಎತ್ತರವಾಗಿ ಉಬ್ಬಿದ ಹಣೆ, ಬಿಳಿಯ ಗಡ್ಡ, ಒಂದು ಕೈಯಲ್ಲಿ ಗಂಟುಗಂಟಾದ ಊರುಗೋಲು, ಇನ್ನೊಂದರಲ್ಲಿ ಹಣ್ಣು. ಪಕ್ಕದಲ್ಲಿ ನಿಂತ ಜಿಂಕೆ ಸುರುಳಿಸುರುಳಿಯಾದ ಏನನ್ನೋ ಬಾಯಲ್ಲಿ ಕಚ್ಚಿಕೊಂಡಿದೆ. ನೀವು ಬರೆದ ಅಣಬೆ ಅದೇ ಇರಬಹುದೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಅದು ಲಿಂಗ್‌ಝಿಯೇ ಎಂದು ಧೈರ್ಯವಾಗಿ ಹೇಳಬಹುದು. ನೀವು ವರ್ಣಿಸಿರುವ ಮುದುಕ ಚೀನೀಯರ ಆಯುಷ್ಯದ ದೇವತೆಯಾದ ಶೌಶಿಂಗ್. ಸೌಭಾಗ್ಯ, ಪದವಿ, ಆಯುಷ್ಯ ಎಂಬ ಮೂರು ಭಾಗ್ಯಗಳನ್ನು ಕರುಣಿಸುವ ಮೂವರು ನಕ್ಷತ್ರದೇವತೆಗಳಲ್ಲಿ ಇವನೊಬ್ಬ. ಇವನ ಕೈಯಲ್ಲಿರುವುದು ಅಮರರ ತೋಟದ ಪೀಚ್ ಹಣ್ಣು. ಇವನ ನಕ್ಷತ್ರವಂತೂ ನಮಗೆ ಹೊಸದಲ್ಲ. ನಾವು ಅಗಸ್ತ್ಯ ಎಂದು ಕರೆಯುವ ತಾರೆಯನ್ನೇ ಚೀನೀಯರು ದಕ್ಷಿಣ ಧ್ರುವದ ಹಿರಿಯ ಎಂದು ಕರೆದರು. ಮೈಸೂರಿನಲ್ಲಿ ಫೆಬ್ರುವರಿ ತಿಂಗಳ ರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಆ ತಾರೆ ದಿಗಂತದಿಂದ ಸಾಕಷ್ಟು ಮೇಲೆ ಸ್ಪಷ್ಟವಾಗಿ ಹೊಳೆಯುತ್ತದೆ. ಆದರೆ ಬಹಳ ಉತ್ತರದಲ್ಲಿದ್ದ ಚೀನಾದ ಹಳೆಯ ರಾಜಧಾನಿ ಚಾಂಗ್‌ಆನ್‌ನಲ್ಲಿ ಅದು ದಿಗಂತದ ಅಂಚಿನಲ್ಲಿ ಸ್ವಲ್ಪ ಹೊತ್ತು ಇಣುಕಿ ಮರೆಯಾಗುತ್ತಿತ್ತು. ಹೀಗೆ ಅಪರೂಪವಾಗಿದ್ದರಿಂದಲೇ ಅದು ಕಂಡರೆ ನಾಡಿಗೆ ನೆಮ್ಮದಿ, ಕಾಣದಿದ್ದರೆ ಯುದ್ಧ ಎಂಬ ನಂಬಿಕೆ ಅಲ್ಲಿ ಬೆಳೆಯಿತು. ಕ್ರಮೇಣ ಆ ತಾರೆಯೇ ಗಡ್ಡ ಬಿಟ್ಟ ಹಿರಿಯನ ರೂಪ ತಳೆಯಿತು.

ಜಿಂಕೆ ಅವನ ಸಂಗಾತಿ. ಕಾಡಿನಲ್ಲಿ ಮನುಷ್ಯರ ಕಣ್ಣಿಗೆ ಬೀಳದ ಲಿಂಗ್‌ಝಿಯನ್ನು ಜಿಂಕೆ ಮಾತ್ರ ಹುಡುಕಿ ತೆಗೆಯಬಲ್ಲುದು ಎಂಬುದು ಚೀನೀಯರ ಹಳೆಯ ನಂಬಿಕೆ. ಆದ್ದರಿಂದ ಲಿಂಗ್‌ಝಿಯನ್ನು ಕಚ್ಚಿಕೊಂಡ ಜಿಂಕೆ ಅಲ್ಲಿನ ಚಿತ್ರಕಲೆ, ಪಿಂಗಾಣಿ, ಕಸೂತಿ, ಮರದ ಕೆತ್ತನೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಗುರುತಿಸುವುದೂ ಕಷ್ಟವಲ್ಲ. ಕೊಡೆಯ ಆಕಾರದ ಸಾಮಾನ್ಯ ಅಣಬೆಯಲ್ಲಿ ಕಾಂಡವು ಟೊಪ್ಪಿಗೆಯ ನಡುವಿಗೆ ಸೇರಿರುತ್ತದೆ; ಲಿಂಗ್‌ಝಿಯಲ್ಲಿ ಅದು ಬಹುಮಟ್ಟಿಗೆ ಒಂದು ಪಕ್ಕಕ್ಕೆ ಅಂಟಿರುತ್ತದೆ, ಟೊಪ್ಪಿಗೆ ಮೂತ್ರಪಿಂಡದ ಆಕಾರದಲ್ಲಿ ಬಾಗಿರುತ್ತದೆ. ಚಿತ್ರಕಾರರು ಆ ಬಾಗನ್ನು ಇನ್ನಷ್ಟು ಸುರುಳಿ ಮಾಡಿ, ಎರಡು ಮೂರು ಟೊಪ್ಪಿಗೆಗಳನ್ನು ಒಂದರ ಮೇಲೊಂದು ಜೋಡಿಸಿ, ನೋಡಿದವರಿಗೆ ಮೋಡವೋ ಅಣಬೆಯೋ ಎಂದು ಅನುಮಾನ ಬರುವಂತೆ ಬರೆದರು. ಅದು ಬೇಕೆಂದೇ ಮಾಡಿದ ಬೆಸುಗೆ, ಏಕೆಂದರೆ ಅಮರರು ಮೋಡದ ಮೇಲೆ ಸಂಚರಿಸುವವರು.

ಬೊಂಬೆಯ ಸಾಲಿನಲ್ಲಿ ಆ ಮುದುಕನ ಜೊತೆಗಾರರು ಯಾರಾದರೂ ಇದ್ದರೆ ಅವರ ಕೈಯನ್ನೂ ಗಮನಿಸಿ. ತಲೆಯ ಭಾಗ ಸುರುಳಿಯಾಗಿ ಬಾಗಿರುವ, ಉದ್ದ ಹಿಡಿಯ ಒಂದು ದಂಡ ಕಂಡರೆ ಅದು ರುಯಿ. ಅದರ ತುದಿಗೂ ಲಿಂಗ್‌ಝಿಯ ಆಕಾರವೇ. ಹಿಡಿದವರ ಮನಸ್ಸಿನಲ್ಲಿರುವುದು ಕೈಗೂಡಲಿ ಎಂದು ಹಾರೈಸುವ ಈ ದಂಡವನ್ನು ಚಿಂಗ್ ವಂಶದ ಕಾಲದಲ್ಲಿ ಜೇಡ್ ಶಿಲೆ, ಶ್ರೀಗಂಧ, ಚಿನ್ನದ ನೀರು ಕುಡಿಸಿದ ಲೋಹ, ಹವಳ ಮುಂತಾದವುಗಳಲ್ಲಿ ಮಾಡಿ ಚಕ್ರವರ್ತಿಯ ಹುಟ್ಟುಹಬ್ಬಕ್ಕೆ ಕಾಣಿಕೆ ಕೊಡುತ್ತಿದ್ದರು. 18ನೇ ಶತಮಾನದ ಚಿಯಾನ್‌ಲಾಂಗ್ ಚಕ್ರವರ್ತಿಗೆ ಇವುಗಳ ಮೇಲೆ ವಿಶೇಷ ಪ್ರೀತಿ ಇತ್ತು. ಹೆಂಗಸರ ಹುಟ್ಟುಹಬ್ಬಕ್ಕೆ ಕೊಡುವ ಚಿತ್ರದಲ್ಲಿ ಶೌಶಿಂಗ್‌ಗೆ ಬದಲಾಗಿ ಮಾಗು ಎಂಬ ದೇವಿ ಇರುತ್ತಾಳೆ. ಅಮರರ ಒಡತಿಯಾದ ಪಶ್ಚಿಮದ ರಾಜಮಾತೆಯ ಹುಟ್ಟುಹಬ್ಬವಾದ ಮೂರನೆಯ ತಿಂಗಳ ಮೂರನೆಯ ದಿನ ಆಕೆ ಲಿಂಗ್‌ಝಿಯಿಂದ ತಯಾರಿಸಿದ ಮದ್ಯವನ್ನು ಕಾಣಿಕೆಯಾಗಿ ಒಯ್ದಳು ಎಂಬುದು ಐತಿಹ್ಯ.

ಪ್ರಶ್ನೆ: ನಮ್ಮ ತೋಟದ ಹಳೆಯ ತೆಂಗಿನ ಮರವೊಂದರ ಬುಡದಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ, ಮಿರಮಿರ ಮಿಂಚುವ ಗಟ್ಟಿ ಅಣಬೆ ಬಂದಿದೆ. ಇದು ಅಣಬೆ ರೋಗ, ಮರ ಉಳಿಯುವುದು ಕಷ್ಟ ಎಂದು ತಿಳಿದವರು ಹೇಳಿದರು. ಮಗ ಮೊಬೈಲಿನಲ್ಲಿ ನೋಡಿ, ಇದೇ ಚೀನಾದವರ ಅಮೃತದ ಅಣಬೆ ಎನ್ನುತ್ತಾನೆ. ಯಾವುದು ನಿಜ?
– ತೆಂಗು ಬೆಳೆಗಾರರು, ಮದ್ದೂರು ತಾಲ್ಲೂಕು

ಉತ್ತರ: ತೋಟದ ಮಟ್ಟಿಗೆ ತಿಳಿದವರು ಹೇಳಿದ್ದೇ ನಿಜ, ಮಗನ ಮಾತಿನಲ್ಲೂ ಅರ್ಧ ಸತ್ಯವಿದೆ. ಎರಡೂ ಗ್ಯಾನೊಡರ್ಮಾ ಎಂಬ ಒಂದೇ ಕುಲಕ್ಕೆ ಸೇರಿದವು, ಜಾತಿ ಬೇರೆ. ಇಂಗ್ಲೆಂಡಿನಲ್ಲಿ ಸಿಕ್ಕ ಮಾದರಿಯನ್ನು ಆಧರಿಸಿ 1781ರಲ್ಲಿ ಹೆಸರಿಸಲಾದ ಲೂಸಿಡಮ್ ಎಂಬ ಜಾತಿಯ ಹೆಸರನ್ನೇ ಬಹುಕಾಲ ಜಗತ್ತಿನ ಎಲ್ಲ ಹೊಳಪಿನ ಗ್ಯಾನೊಡರ್ಮಾಗಳಿಗೂ ಅಂಟಿಸಲಾಗುತ್ತಿತ್ತು. ನಮ್ಮ ತೆಂಗು, ಅಡಕೆಯ ಅಣಬೆ ರೋಗದ ಬರಹಗಳಲ್ಲೂ ಆ ಹೆಸರು ಇಂದಿಗೂ ಕಾಣಸಿಗುತ್ತದೆ. ಚೀನಾದಲ್ಲಿ ಬೆಳೆಸುವ ಅಣಬೆ ಯುರೋಪಿನದಕ್ಕಿಂತ ಬೇರೆ ಜಾತಿ ಎಂಬುದು ಖಚಿತವಾಗಿ, ಅದಕ್ಕೆ ಗ್ಯಾನೊಡರ್ಮಾ ಲಿಂಗ್‌ಝಿ ಎಂಬ ಸ್ವಂತ ಹೆಸರು ಬಂದದ್ದು 2012ರಲ್ಲಿ. ಕಣ್ಣಳತೆಯಿಂದ ಇವುಗಳ ಜಾತಿ ಹೇಳಲು ಬರುವುದಿಲ್ಲವಾದ್ದರಿಂದ ತೋಟದ ಅಣಬೆಯನ್ನು ಕಷಾಯಕ್ಕೆ ಹಾಕುವ ಯೋಚನೆಯನ್ನು ದಯವಿಟ್ಟು ಬಿಡಿ.

ಆದರೆ ಆ ಅಣಬೆಯನ್ನು ಕಿತ್ತು ಬಿಸಾಡುವ ಮುನ್ನ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಲಿಂಗ್‌ಝಿಗೆ ಅಷ್ಟೊಂದು ಗೌರವ ಏಕೆ ಬಂತೆಂಬುದು ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ಅರ್ಥವಾಗುತ್ತದೆ. ಮೇಲ್ಮೈ ಚನ್ನಪಟ್ಟಣದ ಗೊಂಬೆಗೆ ಅರಗು ಹಿಡಿಸಿದಂತೆ ನುಣುಪಾಗಿ ಹೊಳೆಯುತ್ತದೆ. ಬುಡದ ಹತ್ತಿರ ಕಡುಗೆಂಪು, ನಡುವೆ ಕಿತ್ತಳೆ, ಇನ್ನೂ ಬೆಳೆಯುತ್ತಿರುವ ಅಂಚಿನಲ್ಲಿ ಹಳದಿ ಮತ್ತು ಬಿಳಿ, ಹೀಗೆ ಬಳೆಬಳೆಯಾಗಿ ಬಣ್ಣ ಬದಲಾಗುತ್ತದೆ. ತಿರುಗಿಸಿ ನೋಡಿದರೆ ಕೆಳಗೆ ಸಾಮಾನ್ಯ ಅಣಬೆಯ ಪದರಗಳಿಲ್ಲ; ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿಂದ ತುಂಬಿದ ಕೆನೆಬಣ್ಣದ ಮೈ ಇದೆ. ಆ ರಂಧ್ರಗಳಿಂದ ಉದುರುವ ಬೀಜಕಣಗಳು ಟೊಪ್ಪಿಗೆಯ ಮೇಲೂ ಸುತ್ತಲ ಹುಲ್ಲಿನ ಮೇಲೂ ಕೋಕೋ ಬಣ್ಣದ ಧೂಳಾಗಿ ಕೂರುತ್ತವೆ. ಬೆರಳಿನಿಂದ ತಟ್ಟಿದರೆ ಮರದ ಸದ್ದು ಬರುತ್ತದೆ. ಮಳೆ ಬಿದ್ದ ಬೆಳಗ್ಗೆ ಎದ್ದು ಎರಡೇ ದಿನಕ್ಕೆ ಕೊಳೆತು ಕಪ್ಪಾಗುವ ನಾಯಿಕೊಡೆಗಳನ್ನು ಕಂಡವರಿಗೆ, ಒಣಗಿಸಿಟ್ಟರೆ ವರ್ಷಾನುಗಟ್ಟಲೆ ಆಕಾರವೂ ಬಣ್ಣವೂ ಕೆಡದ ಈ ಅಣಬೆ ಸಾವನ್ನು ಗೆದ್ದದ್ದು ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಅದೂ ಅಲ್ಲದೆ, ಅದು ಹುಟ್ಟುವುದು ಸತ್ತ ಅಥವಾ ಸಾಯುತ್ತಿರುವ ಮರದಿಂದ. ಬಿತ್ತನೆಯಿಲ್ಲ, ಬೀಜ ಕಾಣುವುದಿಲ್ಲ, ಎಲೆ, ಹೂವು ಯಾವುದೂ ಇಲ್ಲ. ಅದನ್ನು ವಿಶ್ವಾಸಾರ್ಹವಾಗಿ ಬೆಳೆಸುವ ವಿಧಾನ ಕೈಗೆ ಸಿಕ್ಕಿದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಅಲ್ಲಿಯವರೆಗೆ ಅದು ಹುಡುಕಿದವರಿಗೆ ಸಿಗುವ ವಸ್ತುವಾಗಿರಲಿಲ್ಲ, ಪುಣ್ಯವಿದ್ದವರಿಗೆ ಕಾಣಿಸಿಕೊಳ್ಳುವ ವಸ್ತುವಾಗಿತ್ತು.

ಈಗ ಮರದ ಮಾತು. ಬುಡದಲ್ಲಿ ಅಣಬೆ ಕಾಣುವುದು ರೋಗದ ಕೊನೆಯ ಘಟ್ಟಗಳಲ್ಲಿ. ಅದಕ್ಕೆ ಮೊದಲೇ ಕಾಂಡದ ಕೆಳಭಾಗದಿಂದ ಕೆಂಗಂದು ರಸ ಸೋರಿ, ಕೆಳಗಿನ ಗರಿಗಳು ಹಳದಿಯಾಗಿ ಜೋತುಬಿದ್ದಿರುತ್ತವೆ. ಶಿಲೀಂಧ್ರವು ಮಣ್ಣಿನಲ್ಲಿ ಬೇರಿನಿಂದ ಬೇರಿಗೆ ಹರಡುವುದರಿಂದ ಆ ಮರದ ಸುತ್ತ ಕಂದಕ ತೆಗೆದು ಉಳಿದ ಮರಗಳಿಂದ ಪ್ರತ್ಯೇಕಿಸುವುದು, ಸತ್ತ ಮರವನ್ನು ಬೊಡ್ಡೆ, ಬೇರು ಸಮೇತ ತೆಗೆದು ನಾಶ ಮಾಡುವುದು, ಪಕ್ಕದ ಮರಗಳಿಗೆ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಕೊಡುವುದು ರೂಢಿಯಲ್ಲಿರುವ ಕ್ರಮಗಳು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ತಜ್ಞರಿಗೆ ಚಿತ್ರ ತೋರಿಸಿ ಅವರ ಸಲಹೆಯಂತೆ ಪ್ರಮಾಣ ನಿರ್ಧರಿಸಿಕೊಳ್ಳಿ, ತಡ ಮಾಡಬೇಡಿ.

ಪ್ರಶ್ನೆ: ಅಣಬೆಯೊಂದು ರಾಜಕೀಯದಲ್ಲಿ ಸ್ಥಾನ ಪಡೆದಿತ್ತು ಎಂದು ಎಲ್ಲೋ ಓದಿದ ನೆನಪು. ಚೀನಾದ ಚಕ್ರವರ್ತಿಗಳಿಗೂ ಲಿಂಗ್‌ಝಿಗೂ ಇದ್ದ ಸಂಬಂಧವನ್ನು ವಿವರಿಸುವಿರಾ?
– ಇತಿಹಾಸದ ಅಧ್ಯಾಪಕರು, ಮಂಡ್ಯ

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಲಿಂಗ್‌ಝಿಯ ಸಾಂಕೇತಿಕ ಬದುಕಿನ ಅತ್ಯಂತ ಶ್ರೀಮಂತ ಭಾಗ ಇದೇ. ಅದನ್ನು ತಿಂದವರಿಗಿಂತ ಅದನ್ನು ಕಂಡು ಅರ್ಥ ಹೇಳಿದವರ ಸಂಖ್ಯೆ ಚೀನಾದ ಇತಿಹಾಸದಲ್ಲಿ ಹೆಚ್ಚು.

ಮೊದಲಿಗೆ ಆಸೆ ಇದ್ದದ್ದು ಅಮರತ್ವದ ಮೇಲೆ. ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹುವಾಂಗ್ ಕ್ರಿಸ್ತಪೂರ್ವ 219ರಲ್ಲಿ ಶು ಫು ಎಂಬವನನ್ನು ಪೂರ್ವ ಸಮುದ್ರಕ್ಕೆ ಕಳುಹಿಸಿದ. ಅಲ್ಲಿ ಪೆಂಗ್‌ಲಾಯ್ ಮೊದಲಾದ ಮೂರು ಪರ್ವತದ್ವೀಪಗಳಲ್ಲಿ ಅಮರರು ವಾಸಿಸುತ್ತಾರೆ, ಸಾವನ್ನು ತಡೆಯುವ ಮದ್ದು ಅವರಲ್ಲಿದೆ ಎಂಬುದು ಅವನ ನಂಬಿಕೆಯಾಗಿತ್ತು. ಆ ಮದ್ದನ್ನು ಹುಡುಕಿಕೊಂಡು ಹೋದವರು ಬರಿಗೈಯಾದರು. ಆದರೆ ನೂರು ವರ್ಷ ಕಳೆದ ಮೇಲೆ ಹಾನ್ ವಂಶದ ಚಕ್ರವರ್ತಿ ವೂ ಕಾಲದಲ್ಲಿ ಮದ್ದು ತಾನೇ ಅರಮನೆಗೆ ಬಂದಿತು. ಕ್ರಿಸ್ತಪೂರ್ವ 109ರಲ್ಲಿ ಗಾನ್‌ಚುವಾನ್ ಅರಮನೆಯ ಒಳಕೋಣೆಯೊಂದರಲ್ಲಿ ಒಂಬತ್ತು ಕಾಂಡಗಳ ಝಿ, ಎಂದರೆ ಲಿಂಗ್‌ಝಿಯಂಥ ದಿವ್ಯವಸ್ತು, ಹುಟ್ಟಿದೆ ಎಂಬ ಸುದ್ದಿ ಹಬ್ಬಿತು. ಅರಮನೆಯ ಹಳೆಯ ತೊಲೆಯಲ್ಲಿ ತೇವ ಸೇರಿ ಅಣಬೆ ಎದ್ದಿರಬಹುದು ಎಂದು ಇಂದಿನ ನಾವು ಊಹಿಸುತ್ತೇವೆ. ಚಕ್ರವರ್ತಿಯಾದರೋ ಅದನ್ನು ದೇವಲೋಕದ ಮೆಚ್ಚುಗೆಯೆಂದು ಸ್ವೀಕರಿಸಿ ನಾಡಿನಾದ್ಯಂತ ಕೈದಿಗಳಿಗೆ ಕ್ಷಮಾದಾನ ಘೋಷಿಸಿದ, ಆ ಸ್ಥಳದ ಪ್ರಜೆಗಳಿಗೆ ದನ ಮತ್ತು ಮದ್ಯವನ್ನು ಹಂಚಿಸಿದ, ಝಿ ಹುಟ್ಟಿದ ಕೋಣೆಯ ಮೇಲೊಂದು ಹಾಡನ್ನೂ ಕಟ್ಟಿಸಿದ. ಅಂದು ಅದನ್ನು ಯಾರಾದರೂ ತಿಂದರೇ ಎಂಬುದಕ್ಕಿಂತ ಅದು ಹುಟ್ಟಿತು ಎಂಬುದೇ ದೊಡ್ಡ ಸಂಗತಿಯಾಗಿತ್ತು.

ಇದರ ಹಿಂದೆ ಹಾನ್ ಕಾಲದ ಒಂದು ರಾಜಕೀಯ ದರ್ಶನವಿದೆ. ಅರಸನಿಗೆ ಆಳುವ ಅಧಿಕಾರ ಕೊಡುವುದು ದೇವಲೋಕ. ಅವನು ಧರ್ಮದಿಂದ ನಡೆದರೆ ಪ್ರಕೃತಿ ಶುಭಶಕುನಗಳಿಂದ ಉತ್ತರ ಕೊಡುತ್ತದೆ, ತಪ್ಪಿದರೆ ಬರ, ಗ್ರಹಣ, ಭೂಕಂಪಗಳಿಂದ ಎಚ್ಚರಿಸುತ್ತದೆ ಎಂಬುದು ಅದರ ಸಾರ. ರಾಜನ ನಡತೆಗೂ ಮಳೆ ಬೆಳೆಗೂ ಗಂಟು ಹಾಕುವ ಮಾತು ನಮ್ಮ ನೀತಿಗ್ರಂಥಗಳಲ್ಲೂ ಇರುವುದರಿಂದ ಇದು ನಮಗೆ ತೀರ ಅಪರಿಚಿತವಾದ ಯೋಚನೆಯಲ್ಲ. ಸಿಹಿಯಾದ ಇಬ್ಬನಿ, ಒಂದೇ ದಂಟಿನಲ್ಲಿ ಎರಡು ತೆನೆ, ಫೀನಿಕ್ಸ್ ಹಕ್ಕಿ, ಇವುಗಳ ಸಾಲಿಗೆ ಝಿಯೂ ಸೇರಿತು. ಕ್ರಿಸ್ತಶಕ 78ರಿಂದ 139ರವರೆಗೆ ಬದುಕಿದ್ದ ಕವಿ ಮತ್ತು ಖಗೋಳಜ್ಞ ಝಾಂಗ್ ಹೆಂಗ್ ಪಶ್ಚಿಮದ ರಾಜಧಾನಿಯನ್ನು ವರ್ಣಿಸುವಾಗ, ಅರಮನೆಯ ಕೊಳದ ನಡುವೆ ಕಟ್ಟಿದ ಕೃತಕ ಅಮರದ್ವೀಪಗಳ ಬಳಿ ಕೆಂಪು ಕಾಂಡದ ಲಿಂಗ್‌ಝಿಯನ್ನು ಅಲೆಗಳು ತೊಳೆಯುತ್ತವೆ ಎಂದು ಹಾಡಿದ್ದಾನೆ.

ಚಿಹ್ನೆಗೆ ಬೆಲೆ ಬಂದ ಮೇಲೆ ಅದರ ಪೂರೈಕೆಯೂ ಹೆಚ್ಚುತ್ತದೆ. ಸಾಂಗ್ ವಂಶದ ಝೆನ್‌ಝೊಂಗ್ ಚಕ್ರವರ್ತಿ 1005ರಲ್ಲಿ ಉತ್ತರದ ಲಿಯಾವೊ ರಾಜ್ಯಕ್ಕೆ ಪ್ರತಿವರ್ಷ ಬೆಳ್ಳಿ, ರೇಷ್ಮೆ ತೆರುವ ಒಪ್ಪಂದ ಮಾಡಿಕೊಂಡು ಮರ್ಯಾದೆ ಕಳೆದುಕೊಂಡಿದ್ದ. ಅದನ್ನು ಮರಳಿ ಗಳಿಸಲೆಂಬಂತೆ 1008ರಲ್ಲಿ ದೇವಲೋಕದಿಂದ ಪತ್ರ ಇಳಿದಿದೆ ಎಂದು ಸಾರಲಾಯಿತು, ತಾಯ್‌ಶಾನ್ ಪರ್ವತದಲ್ಲಿ ಮಹಾಯಾಗ ನಡೆಯಿತು. ಮೇಲಿನವರ ಮನಸ್ಸನ್ನು ಅರಿತ ಅಧಿಕಾರಿಗಳು ನಾಡಿನ ಮೂಲೆಮೂಲೆಗಳಿಂದ ಸಾವಿರಗಟ್ಟಲೆ ಝಿಗಳನ್ನು ಆರಿಸಿ ತಂದು ಅರಮನೆಗೆ ಒಪ್ಪಿಸಿದರು. ಹಳ್ಳಿಗರು ಬಂಡೆ ಹತ್ತಿ, ಕಣಿವೆಗೆ ಇಳಿದು ಅಣಬೆ ಹುಡುಕುವಂತಾಯಿತು. ಮುಂದೆ ಬಂದ ಚಕ್ರವರ್ತಿ ಇಂಥ ಶಕುನಗಳಿಗೆ ಸೊಪ್ಪು ಹಾಕದಿದ್ದಾಗ ಅದೇ ಅಣಬೆ ಕಳೆಗಿಡಗಳ ನಡುವೆ ಯಾರಿಗೂ ಬೇಡವಾಗಿ ಬಿದ್ದಿತು. ಈ ಏರಿಳಿತವನ್ನು ಮುಂದೆ ನೆನೆದ 11ನೇ ಶತಮಾನದ ರಾಜನೀತಿಜ್ಞ, ಲೇಖಕ ವಾಂಗ್ ಆನ್‌ಶಿ, ತನ್ನ ಮನೆಯಂಗಳದಲ್ಲಿ ಹುಟ್ಟಿದ ಝಿಗಾಗಿ ಪುಟ್ಟ ಮಂಟಪ ಕಟ್ಟಿಸಿದ ಒಬ್ಬ ವಿದ್ವಾಂಸನ ಕುರಿತು ಬರೆಯುತ್ತ, ವಸ್ತು ಒಂದೇ ಆಗಿದ್ದರೂ ಒಮ್ಮೆ ಚಕ್ರವರ್ತಿ, ಒಮ್ಮೆ ವಿದ್ವಾಂಸ ಅದನ್ನು ಗೌರವಿಸುತ್ತಾನೆ, ಮತ್ತೊಮ್ಮೆ ಜನಸಾಮಾನ್ಯರ ನಡುವೆ ಅದು ಅವಮಾನಕ್ಕೆ ಈಡಾಗುತ್ತದೆ, ಇದು ಕಾಲದ ಮಹಿಮೆಯಲ್ಲವೇ ಎಂಬ ಅರ್ಥದ ಮಾತು ಹೇಳುತ್ತಾನೆ. ಅವನು ಹೇಳುತ್ತಿರುವುದು ಅಣಬೆಯ ಬಗ್ಗೆ ಮಾತ್ರವಲ್ಲ, ಅರಸರ ಕಣ್ಣಿಗೆ ಬೀಳಬೇಕೆಂದು ಕಾಯುವ ಪ್ರತಿಭಾವಂತರ ಬಗ್ಗೆಯೂ ಹೌದು. ಈ ವಿಷಯದ ಮೇಲೆ ಬಂದ ಬರಹಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದನ್ನು ನಾನು ಕಂಡಿಲ್ಲ. ಆದರೂ ಹಳೆಯ ಚಟ ಮರುಕಳಿಸದೆ ಇರಲಿಲ್ಲ. 1521ರಿಂದ 1567ರವರೆಗೆ ಆಳಿದ ಮಿಂಗ್ ವಂಶದ ಜಿಯಾಜಿಂಗ್ ಚಕ್ರವರ್ತಿ ಚೀನಾದ ಪ್ರಾಚೀನ ಧರ್ಮವಾದ ದಾವೊ ಪಂಥದ ಅಮರತ್ವದ ಸಾಧನೆಯಲ್ಲಿ ಮುಳುಗಿ, ಝಿ ತಂದುಕೊಡುವಂತೆ ಆಜ್ಞೆ ಮಾಡಿದಾಗ ಮತ್ತೆ ಅಣಬೆಗಳ ರಾಶಿ ಅರಮನೆಗೆ ಹರಿದು ಬಂದಿತು.

ಅಧಿಕಾರದ ಈ ಕಥೆಗೆ ಪ್ರತಿಯಾಗಿ ಚೀನೀಯರಲ್ಲೇ ಇನ್ನೊಂದು ಕಥೆಯಿದೆ, ಅದನ್ನು ಬಿಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರ ಅಪೂರ್ಣ. ಚಿನ್ ಆಳ್ವಿಕೆಯ ಕ್ರೌರ್ಯಕ್ಕೆ ಬೇಸತ್ತು ನಾಲ್ವರು ವೃದ್ಧ ವಿದ್ವಾಂಸರು ಶಾಂಗ್ ಪರ್ವತಕ್ಕೆ ಹೋಗಿ, ನೇರಳೆ ಝಿಯನ್ನು ಆಯ್ದು ತಿನ್ನುತ್ತ ಬದುಕಿದರಂತೆ. ಹಾನ್ ವಂಶದ ಸ್ಥಾಪಕನೇ ಕರೆದರೂ ಅವರು ಆಸ್ಥಾನಕ್ಕೆ ಬರಲಿಲ್ಲ. ಮುಂದೆ ಅವನು ಯುವರಾಜನಾಗಿದ್ದ ಮಗನನ್ನು ಬಿಟ್ಟು ಇನ್ನೊಬ್ಬನಿಗೆ ಪಟ್ಟ ಕಟ್ಟಲು ಹೊರಟಾಗ, ಬಿಳಿಗೂದಲಿನ ಆ ನಾಲ್ವರು ಯುವರಾಜನ ಹಿಂದೆ ಬಂದು ನಿಂತರು; ತಾನು ಕರೆದಾಗ ಬಾರದವರು ಇವನ ಬೆನ್ನಿಗೆ ನಿಂತಿದ್ದಾರೆಂದರೆ ಇವನನ್ನು ಕದಲಿಸುವುದು ಸಾಧ್ಯವಿಲ್ಲ ಎಂದು ಅರಸ ಮನಸ್ಸು ಬದಲಿಸಿದ. ಹೀಗಾಗಿ ಬೆಟ್ಟದ ಬುಡದಲ್ಲಿ ಝಿ ಆಯುವ ಮುದುಕರ ಚಿತ್ರ ಕಂಡಾಗ ಅಲ್ಲಿ ಹೇಳುತ್ತಿರುವುದು ಆಯುಷ್ಯದ ಮಾತಲ್ಲ, ಅರಮನೆಯ ಅನ್ನಕ್ಕೆ ಕೈ ಚಾಚದ ನಿಷ್ಠುರತೆಯ ಮಾತು. ಒಂದೇ ಅಣಬೆ ಸಿಂಹಾಸನದ ಪಕ್ಕದಲ್ಲಿದ್ದರೆ ಅರಸನ ಧರ್ಮವನ್ನೂ, ಬಂಡೆಯ ಪಕ್ಕದಲ್ಲಿದ್ದರೆ ಅರಸನನ್ನು ತೊರೆದವರ ಧರ್ಮವನ್ನೂ ಸೂಚಿಸುತ್ತದೆ. ನನಗೆ ಇವೆರಡರಲ್ಲಿ ಎರಡನೆಯದೇ ಹೆಚ್ಚು ಪ್ರಿಯ.

ಪ್ರಶ್ನೆ: ಲಿಂಗ್‌ಝಿಯಲ್ಲಿ ಆರು ಬಣ್ಣಗಳಿವೆಯಂತೆ. ಹೌದೇ?
– ಓದುಗರು, ಕೆ.ಆರ್. ಪೇಟೆ

ಉತ್ತರ: ಹಾನ್ ಕಾಲದ ಆಸುಪಾಸಿನಲ್ಲಿ ಸಂಕಲನಗೊಂಡ, ಕೃಷಿ ಮತ್ತು ವೈದ್ಯದ ಪೌರಾಣಿಕ ಪ್ರವರ್ತಕ ಶೆನ್‌ನೊಂಗ್‌ನ ಹೆಸರು ಹೊತ್ತ ಔಷಧಗ್ರಂಥದಲ್ಲಿ ಆರು ಝಿಗಳ ಪಟ್ಟಿ ಇದೆ. ಆ ಗ್ರಂಥ 365 ಮದ್ದುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ರೋಗ ಕಳೆಯುವುದಕ್ಕಿಂತ ಆಯುಷ್ಯ ಹೆಚ್ಚಿಸುವ ಮೇಲ್ದರ್ಜೆಯಲ್ಲಿ ಝಿಗಳಿಗೆ ಸ್ಥಾನ. ಅವುಗಳಲ್ಲಿ ಐದು ಚೀನೀಯರ ಪಂಚತತ್ತ್ವಗಳ ಲೆಕ್ಕಕ್ಕೆ ಹೊಂದಿಕೊಂಡಿವೆ: ಪೂರ್ವದ ತಾಯ್‌ಶಾನ್ ಪರ್ವತದ ಹಸಿರು ಝಿ ಹುಳಿ, ದಕ್ಷಿಣದ ಕೆಂಪು ಝಿ ಕಹಿ ಮತ್ತು ಹೃದಯಕ್ಕೆ ಹಿತ, ನಡುನಾಡಿನ ಹಳದಿ ಝಿ ಸಿಹಿ, ಪಶ್ಚಿಮದ ಬಿಳಿ ಝಿ ಖಾರ ಮತ್ತು ಶ್ವಾಸಕೋಶಕ್ಕೆ ಹಿತ, ಉತ್ತರದ ಕಪ್ಪು ಝಿ ಉಪ್ಪು ಮತ್ತು ಮೂತ್ರಪಿಂಡಕ್ಕೆ ಹಿತ. ಆರನೆಯದು ನೇರಳೆ. ಇದು ಕಾಡಿನಲ್ಲಿ ಕಂಡ ಅಣಬೆಗಳ ಪಟ್ಟಿ ಎನ್ನುವುದಕ್ಕಿಂತ ಲೋಕದ ನಕ್ಷೆ ಎನ್ನುವುದು ಸರಿ. ದಿಕ್ಕು, ಪರ್ವತ, ರುಚಿ, ಅಂಗ ಎಲ್ಲಕ್ಕೂ ಒಂದೊಂದು ಬಣ್ಣವನ್ನು ಹಂಚಿಕೊಟ್ಟ ಕ್ರಮ. ಇಂದಿನ ಚೀನಾದ ಅಧಿಕೃತ ಔಷಧಕೋಶದಲ್ಲಿ ಇರುವುದು ಕೆಂಪು ಮತ್ತು ನೇರಳೆ, ಎರಡೇ.

ನಾಲ್ಕನೇ ಶತಮಾನದ ದಾವೊ ಪಂಡಿತ ಗೆ ಹಾಂಗ್ ಇನ್ನೂ ಮುಂದೆ ಹೋಗಿ ಕಲ್ಲಿನ ಝಿ, ಮರದ ಝಿ, ಹುಲ್ಲಿನ ಝಿ, ಮಾಂಸದ ಝಿ, ಅಣಬೆಯ ಝಿ ಎಂದು ಐದು ವರ್ಗ ಮಾಡಿ, ಒಂದೊಂದರಲ್ಲೂ ನೂರರಷ್ಟು ಬಗೆಗಳಿವೆ ಎಂದ. ಹತ್ತು ಸಾವಿರ ವರ್ಷ ಬದುಕಿದ ಕಪ್ಪೆಯೂ ಅವನ ಮಾಂಸದ ಝಿಗಳಲ್ಲಿ ಒಂದು. ಅವನ್ನು ಹುಡುಕಲು ಶುಭದಿನ ನೋಡಿ, ಉಪವಾಸವಿದ್ದು, ವಿಶೇಷವಾದ ಹೆಜ್ಜೆಗಳನ್ನು ಇಡುತ್ತ ಬೆಟ್ಟವನ್ನು ಪ್ರವೇಶಿಸಬೇಕಿತ್ತು. ಎಲ್ಲ ಬಣ್ಣಗಳೂ ಎಲ್ಲ ಕಡೆ ಶುಭವೇನಲ್ಲ ಎಂಬುದನ್ನೂ ಸೇರಿಸಬೇಕು. ಮನೆಯ ಕಂಬದಲ್ಲಿ ತಾನಾಗಿ ಝಿ ಎದ್ದರೆ ಬಿಳಿಯದು ಸೂತಕವನ್ನು, ಕೆಂಪು ರಕ್ತಪಾತವನ್ನು, ಕಪ್ಪು ಕಳ್ಳತನವನ್ನು ಸೂಚಿಸುತ್ತದೆ, ಹಳದಿ ಮಾತ್ರ ಸಂತೋಷ ತರುತ್ತದೆ ಎಂಬ ಹೇಳಿಕೆಯೂ ಹಳೆಯ ಗ್ರಂಥಗಳಲ್ಲಿದೆ.

ಪ್ರಶ್ನೆ: ನಮ್ಮ ಸಂಜೀವಿನಿಯನ್ನೂ ಚೀನೀಯರ ಲಿಂಗ್‌ಝಿಯನ್ನೂ ಒಂದೇ ಎನ್ನಬಹುದೇ?
– ಓದುಗರು, ಪಾಂಡವಪುರ

ಉತ್ತರ: ವಸ್ತುವಾಗಿ ಒಂದೇ ಎನ್ನಲು ಆಧಾರವಿಲ್ಲ, ಕಥೆಯಾಗಿ ಹತ್ತಿರದ ನಂಟಿದೆ. ಚೀನಾದ ಜನಪ್ರಿಯ ಬಿಳಿ ಹಾವಿನ ಕಥೆಯನ್ನು ಕೇಳಿದರೆ ನಿಮಗೇ ಗೊತ್ತಾಗುತ್ತದೆ. ಸಾವಿರ ವರ್ಷ ತಪಸ್ಸು ಮಾಡಿ ಹೆಣ್ಣಿನ ರೂಪ ಪಡೆದ ಬಿಳಿ ಹಾವು ಬಾಯ್ ಸುಝೆನ್, ಹಾಂಗ್‌ಝೌ ಊರಿನ ಪಶ್ಚಿಮ ಸರೋವರದ ಬಳಿ ಭೇಟಿಯಾದ ಶು ಶಿಯಾನ್ ಎಂಬ ಯುವಕನನ್ನು ಮದುವೆಯಾಗುತ್ತಾಳೆ. ಐದನೆಯ ತಿಂಗಳ ಐದನೆಯ ದಿನದ ಹಬ್ಬದಂದು ಹಾವು, ಚೇಳುಗಳನ್ನು ಓಡಿಸಲೆಂದು ಮದ್ಯಕ್ಕೆ ಮನಃಶಿಲೆಯ ಪುಡಿ ಬೆರೆಸಿ ಕುಡಿಯುವುದು ಅಲ್ಲಿನ ಪದ್ಧತಿ. ಗಂಡನ ಒತ್ತಾಯಕ್ಕೆ ಅದನ್ನು ಕುಡಿದ ಸುಝೆನ್ ಹಾಸಿಗೆಯ ಮೇಲೆ ತನ್ನ ನಿಜರೂಪಕ್ಕೆ ಮರಳುತ್ತಾಳೆ. ಪರದೆ ಸರಿಸಿ ನೋಡಿದ ಗಂಡ ಭಯದಿಂದ ಅಲ್ಲೇ ಪ್ರಾಣ ಬಿಡುತ್ತಾನೆ. ಎಚ್ಚೆತ್ತ ಆಕೆ, ತುಂಬು ಗರ್ಭಿಣಿಯಾಗಿದ್ದರೂ, ಅಮರರ ಪರ್ವತಕ್ಕೆ ಹೋಗಿ ಅಲ್ಲಿನ ಲಿಂಗ್‌ಝಿಯನ್ನು ಕದಿಯಲು ಯತ್ನಿಸುತ್ತಾಳೆ. ಕಾವಲಿಗಿದ್ದ ಜಿಂಕೆ ಮತ್ತು ಕೊಕ್ಕರೆಯ ಬಾಲಕರೊಡನೆ ಕತ್ತಿ ಹಿಡಿದು ಹೋರಾಡಿ ಸೋಲುವ ಹೊತ್ತಿಗೆ ಪರ್ವತದ ಒಡೆಯನಾದ ದಕ್ಷಿಣ ಧ್ರುವದ ಹಿರಿಯ, ಎಂದರೆ ಸರಸ್ವತಿಪುರದ ಓದುಗರು ಕೇಳಿದ ಅದೇ ಬೊಂಬೆಯ ಮುದುಕ, ಅವಳ ಪ್ರೀತಿಗೆ ಮನಸೋತು ಮೂಲಿಕೆಯನ್ನು ಕೊಟ್ಟು ಕಳುಹಿಸುತ್ತಾನೆ. ಗಂಡ ಬದುಕುತ್ತಾನೆ. ಪೀಕಿಂಗ್ ಒಪೆರಾದಲ್ಲಿ ಮೂಲಿಕೆ ಕದಿಯುವ ಈ ದೃಶ್ಯ ಕಸರತ್ತು, ಕತ್ತಿವರಸೆಗಳಿಂದ ಕೂಡಿದ ಪ್ರಸಿದ್ಧ ಪ್ರಸಂಗ.

ದೂರದ ಪರ್ವತ, ಕಾವಲು, ಸತ್ತವರನ್ನು ಎಬ್ಬಿಸುವ ಮೂಲಿಕೆ, ಹೊತ್ತು ಮೀರುವ ಮುನ್ನ ಮರಳಬೇಕಾದ ಆತುರ, ಇವೆಲ್ಲ ಹನುಮಂತನ ಕಥೆಯಲ್ಲೂ ಇವೆ. ಆದರೆ ವಾಲ್ಮೀಕಿ ರಾಮಾಯಣದಲ್ಲಿ ಮೃತಸಂಜೀವನಿ, ವಿಶಲ್ಯಕರಣಿ ಮೊದಲಾದ ನಾಲ್ಕು ಮೂಲಿಕೆಗಳ ಕೆಲಸ ಯುದ್ಧಭೂಮಿಗೆ ಸೇರಿದ್ದು: ಗಾಯ ಕೂಡಿಸುವುದು, ಬಾಣ ಕೀಳುವುದು, ಪ್ರಾಣ ಉಳಿಸುವುದು. ಅವುಗಳ ಆಕಾರ ಹೇಗಿತ್ತೆಂದು ಯಾರೂ ಚಿತ್ರಿಸಿಲ್ಲ. ಹನುಮಂತನಿಗೇ ಗುರುತು ಸಿಗದೆ ಬೆಟ್ಟವನ್ನೇ ಹೊತ್ತು ತಂದ. ನಮ್ಮ ಕಲೆಯಲ್ಲಿ ಉಳಿದದ್ದು ಬೆಟ್ಟ ಹೊತ್ತ ಭಕ್ತನ ಚಿತ್ರವೇ ಹೊರತು ಮೂಲಿಕೆಯದಲ್ಲ. ಲಿಂಗ್‌ಝಿಯ ವಿಷಯದಲ್ಲಿ ಇದು ತಿರುವುಮುರುವು. ಮೂಲಿಕೆಯ ಆಕಾರವೇ ಎಲ್ಲೆಲ್ಲೂ ಹರಡಿತು: ಬಾಗಿಲಿನ ಕೆತ್ತನೆ, ನಿಲುವಂಗಿಯ ಅಂಚು, ಹೂಜಿಯ ಕುತ್ತಿಗೆ, ಗೋಡೆಯ ಚಿತ್ರ. 1325ರ ಹೊತ್ತಿಗೆ ಮುಗಿದ, ಶಾನ್‌ಶಿ ಪ್ರಾಂತದ ಯೊಂಗ್‌ಲೆ ದೇವಾಲಯದ ಭಿತ್ತಿಚಿತ್ರಗಳಲ್ಲಿ ದೇವತೆಗಳ ಮೆರವಣಿಗೆಯ ನಡುವೆ ತಟ್ಟೆಯಲ್ಲಿ ಲಿಂಗ್‌ಝಿ ಹೊತ್ತ ಪರಿಚಾರಿಕೆಯರೂ ಇದ್ದಾರೆ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ. ನಮ್ಮ ಧರ್ಮಶಾಸ್ತ್ರಗಳು ಅಣಬೆಯನ್ನು ಮಂಗಳದ್ರವ್ಯವಾಗಿ ಕಂಡಿಲ್ಲ. ಮನುಸ್ಮೃತಿ ಅದನ್ನು ಬೆಳ್ಳುಳ್ಳಿ, ಈರುಳ್ಳಿಗಳ ಜೊತೆ ದ್ವಿಜರಿಗೆ ನಿಷಿದ್ಧವಾದ ಆಹಾರಗಳಲ್ಲಿ ಸೇರಿಸಿದೆ. ಮಂಡ್ಯದ ಹೊಲಗಳಲ್ಲಿ ಮುಂಗಾರಿನ ಮಳೆಗೆ ಹುತ್ತದ ಅಣಬೆ ಎದ್ದರೆ ಊರಿಗೆ ಊರೇ ಸಾರಿನ ಸಂಭ್ರಮದಲ್ಲಿ ತೊಡಗುತ್ತದೆ ಎಂಬುದು ಬೇರೆ ಮಾತು. ಅದು ನಾಲಗೆಯ ಪ್ರೀತಿ. ದೇವರ ಕೈಗೆ ಅಣಬೆ ಕೊಟ್ಟ ಶಿಲ್ಪಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ. ಪರಿಚಯದವರೊಬ್ಬರು ಈ ಅಣಬೆಯ ಕ್ಯಾಪ್ಸೂಲ್ ಮತ್ತು ಕಾಫಿ ಪುಡಿ ಮಾರುತ್ತಾರೆ. ಎರಡು ಸಾವಿರ ವರ್ಷಗಳ ಚೀನೀ ಪರಂಪರೆಯೇ ಇದಕ್ಕೆ ಸಾಕ್ಷಿ ಎನ್ನುತ್ತಾರೆ. ಕೊಡಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹೃದ್ರೋಗ ತಜ್ಞರನ್ನು ಕೇಳದೆ ಕೊಡಬೇಡಿ. ಲಿಂಗ್‌ಝಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಹುದು. ಶಸ್ತ್ರಚಿಕಿತ್ಸೆಯ ನಂತರ ಕೊಡುವ ಆಸ್ಪಿರಿನ್, ವಾರ್ಫರಿನ್, ಕ್ಲೋಪಿಡೋಗ್ರೆಲ್ ಮುಂತಾದ ಮಾತ್ರೆಗಳ ಜೊತೆ ಅದು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪುಡಿಯ ರೂಪದಲ್ಲಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ.

ಪರಂಪರೆಯ ಮಾತಿಗೆ ಬಂದರೆ, ಮಾರುವವರು ಹೇಳುವ ಆ ಎರಡು ಸಾವಿರ ವರ್ಷಗಳಲ್ಲಿ ಚೀನೀಯರೇ ಎತ್ತಿದ ಸಂದೇಹವೂ ಸೇರಿದೆ. 1578ರಲ್ಲಿ ಬರೆದು ಮುಗಿಸಿ, ತಾನು ತೀರಿಕೊಂಡ ಮೂರು ವರ್ಷಗಳ ನಂತರ 1596ರಲ್ಲಿ ಅಚ್ಚಾದ ಮಹಾಕೋಶದಲ್ಲಿ 1,892 ಮದ್ದುಗಳನ್ನು ವಿವರಿಸಿದ ವೈದ್ಯ ಲಿ ಶಿಝೆನ್, ಝಿಗಳನ್ನು ತರಕಾರಿಗಳ ವಿಭಾಗದಲ್ಲಿ ಇರಿಸಿದ. ಕೊಳೆಯುವ ವಸ್ತುವಿನ ಉಳಿಕೆಯಿಂದ, ಮನುಷ್ಯರ ಮೈಮೇಲೆ ಗಂಟು ಏಳುವ ಹಾಗೆ ಹುಟ್ಟುವ ಇದನ್ನು ಹಿಂದಿನವರು ಮಂಗಳಮೂಲಿಕೆ ಎಂದು, ತಿಂದರೆ ಅಮರರಾಗುತ್ತಾರೆ ಎಂದು ನಂಬಿದ್ದು ಶುದ್ಧ ಅಸಂಬದ್ಧ ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ಅದರ ಔಷಧೋಪಯೋಗಗಳನ್ನು ಅವನು ದಾಖಲಿಸಲಿಲ್ಲವೆಂದಲ್ಲ. ಮದ್ದನ್ನು ಮದ್ದಾಗಿಯೇ ನೋಡಿದ. ಮೈಸೂರಿನ ಒಬ್ಬ ರೋಗಿಯ ವಿಷಯದಲ್ಲೂ ಆ ಎಚ್ಚರವೇ ಬೇಕು. ಶೌಶಿಂಗ್‌ನ ಜಿಂಕೆ, ಚಕ್ರವರ್ತಿಯ ರುಯಿ, ಬಿಳಿ ಹಾವಿನ ಪ್ರೇಮ ಇವೆಲ್ಲ ಮನುಷ್ಯರು ಬದುಕನ್ನು ಎಷ್ಟು ಪ್ರೀತಿಸಿದರು ಎಂಬುದಕ್ಕೆ ಸಾಕ್ಷಿ. ಕ್ಯಾಪ್ಸೂಲಿನ ಪರಿಣಾಮಕ್ಕೆ ಸಾಕ್ಷಿ ಬೇರೆಯೇ ಕಡೆಯಿಂದ ಬರಬೇಕು.

ಆ ಕಡೆಯ ಸ್ಥಿತಿ ಹೀಗಿದೆ. ಅಣಬೆಯಲ್ಲಿರುವ ಪಾಲಿಸ್ಯಾಕರೈಡ್‌ಗಳು ಮತ್ತು ಅದರ ಕಹಿಗೆ ಕಾರಣವಾದ ಟ್ರೈಟರ್ಪಿನ್‌ಗಳ ಬಗ್ಗೆ ಪ್ರಯೋಗಾಲಯಗಳಲ್ಲಿ ಆಸಕ್ತಿಯ ಸಂಶೋಧನೆ ನಡೆದಿದೆ; ಚೀನಾದ ಔಷಧಕೋಶ 2000ದ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡಿದೆ. ಆದರೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ, ಎರಡನೇ ಬಗೆಯ ಮಧುಮೇಹವಿರುವವರಲ್ಲಿ ಹೃದಯದ ಅಪಾಯಗಳನ್ನು ತಗ್ಗಿಸಲು ಲಿಂಗ್‌ಝಿಯ ಬಳಕೆಯನ್ನು ಸಮರ್ಥಿಸುವಂಥ ಪುರಾವೆ ಇಲ್ಲ ಎಂದಿತು. ಕ್ಯಾನ್ಸರ್ ಬಗ್ಗೆ ಅದೇ ಸಂಸ್ಥೆ 2016ರಲ್ಲಿ ನವೀಕರಿಸಿದ ಇನ್ನೊಂದು ವಿಮರ್ಶೆಯೂ ಅದನ್ನು ಮೊದಲ ಚಿಕಿತ್ಸೆಯಾಗಿ ಬಳಸಲು ಆಧಾರ ಸಾಲದು ಎಂದೇ ಹೇಳಿತು. ತಂದೆಯವರು ಈಗಾಗಲೇ ಕ್ಯಾಪ್ಸೂಲ್ ಅಥವಾ ಆ ಕಾಫಿಯನ್ನು ಸೇವಿಸಲು ಆರಂಭಿಸಿದ್ದರೆ ಅದರ ಡಬ್ಬಿಯನ್ನೂ, ಈಗ ನಡೆಯುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತೋರಿಸಿ. ಹಲ್ಲು ಕೀಳಿಸುವುದು ಅಥವಾ ಇನ್ನಾವುದೇ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅಲ್ಲಿಯೂ ಈ ವಿಷಯವನ್ನು ಮೊದಲೇ ತಿಳಿಸಿ.